ಬೀಗದ ಕೈ ಯಾರ ಹತ್ತಿರ ಇರುತ್ತೆ? ಊರಲ್ಲೊಂದು ಓದುಮನೆ ಮಾಡುವವರಿಗೆ

ಊರಿಗೊಂದು ವಾಚನಾಲಯ ಆಗಬೇಕು ಎಂಬ ಮಾತು ಎದ್ದ ಕೂಡಲೇ ನಮ್ಮ ಮಂಡ್ಯ ಕಡೆ ಮೂರು ಕೆಲಸ ಒಟ್ಟಿಗೆ ಶುರುವಾಗುತ್ತವೆ. ಸೈಟು ಹುಡುಕುತ್ತಾರೆ, ಎಮ್ಮೆಲ್ಲೆ ಅನುದಾನಕ್ಕೆ ಅರ್ಜಿ ಬರೆಯುತ್ತಾರೆ, ಉದ್ಘಾಟನೆಗೆ ಯಾರನ್ನು ಕರೆಯಬೇಕು ಎಂದು ಎರಡು ಪಾರ್ಟಿಯಾಗುತ್ತಾರೆ. ಬಾಗಿಲು ಎಷ್ಟು ಹೊತ್ತಿಗೆ ತೆಗೆಯಬೇಕು, ತೆಗೆಯುವವರು ಯಾರು ಎಂಬ ಪ್ರಶ್ನೆ ಏಳುವುದು ಶಾಮಿಯಾನ ಬಿಚ್ಚಿ ಹೋದ ಮೇಲೆ. ಹಾಗೆ ಎದ್ದ ಕಟ್ಟಡಗಳ ಕಥೆ ಗೊತ್ತೇ ಇದೆ: ಗೋಡೆಯ ಮೇಲೆ ದಾನಿಗಳ ಹೆಸರಿನ ಗ್ರಾನೈಟ್ ಫಲಕ, ಬಾಗಿಲಿಗೆ ತುಕ್ಕು ಹಿಡಿದ ಬೀಗ, ಕಿಟಕಿಯಲ್ಲಿ ಇಣುಕಿದರೆ ಗಾಜಿನ ಬೀರುವಿನೊಳಗೆ ಇನ್ನೊಂದು ಬೀಗ ಹಾಕಿಸಿಕೊಂಡು ಕೂತ ಪುಸ್ತಕಗಳು. ಪುಸ್ತಕ ಇಲ್ಲದೆ ಮುಚ್ಚಿದ ವಾಚನಾಲಯವನ್ನು ನಾನು ನೋಡಿದ್ದು ಕಡಿಮೆ.

ಈ ಬರಹ ಹತ್ತರಿಂದ ಹದಿನೈದು ಜನ ಕೂತು ಓದುವಂಥ, ಕಡಿಮೆ ಖರ್ಚಿನ, ಹತ್ತು ವರ್ಷವಾದರೂ ಬಾಗಿಲು ತೆರೆದಿರುವ ಒಂದು ಕೋಣೆ ಮಾಡಬೇಕೆಂದಿರುವವರಿಗೆ. ಮನಸ್ಸಿನಲ್ಲಿ ಇಟ್ಟುಕೊಂಡಿರುವುದು ಮಂಡ್ಯ ಜಿಲ್ಲೆಯ ಹಳ್ಳಿ. ಮೈಸೂರಿನ ಬಡಾವಣೆಯಲ್ಲಿ ಮಾಡುವವರಿಗೆ ಬೇರೆಯಾಗುವ ಕಡೆ ಹೇಳುತ್ತೇನೆ.

ಶುರು ಮಾಡುವ ಮುಂಚೆ ಪಂಚಾಯಿತಿ ಕಡೆ ಹೋಗಿಬನ್ನಿ

ಕರ್ನಾಟಕದಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದದ್ದು 1965ರಲ್ಲಿ. ಅಂದಿನಿಂದ ನಾವು ಕಟ್ಟುವ ಮನೆ ಕಂದಾಯದ ಜೊತೆ ಗ್ರಂಥಾಲಯ ಕರವೂ ಸೇರಿಕೊಂಡಿದೆ. ರಸೀದಿ ತೆಗೆದು ನೋಡಿ, ಒಂದು ಸಾಲು ಇರುತ್ತದೆ. ಅಂದರೆ ಗ್ರಂಥಾಲಯ ಯಾರೋ ಕೊಡುವ ಭಿಕ್ಷೆ ಅಲ್ಲ, ದುಡ್ಡು ಕಟ್ಟಿ ಪಡೆಯುವ ಸೌಕರ್ಯ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಈಗ ಅವುಗಳ ಬೋರ್ಡಿನ ಮೇಲೆ ‘ಅರಿವು ಕೇಂದ್ರ’ ಎಂದಿರುತ್ತದೆ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ.

ಹಾಗಾದರೆ ನಾವು ಬೇರೆ ಯಾಕೆ ಮಾಡಬೇಕು? ಒಂದು ಪಂಚಾಯಿತಿಗೆ ಹಲವು ಹಳ್ಳಿ ಸೇರುತ್ತವೆ, ಅರಿವು ಕೇಂದ್ರ ಇರುವುದು ಸಾಮಾನ್ಯವಾಗಿ ಪಂಚಾಯಿತಿ ಕಚೇರಿ ಇರುವ ಊರಿನಲ್ಲಿ. ನಾಲೆ ಏರಿ ಮೇಲೆ ಎರಡು ಮೂರು ಕಿಲೋಮೀಟರು ನಡೆದು, ಕತ್ತಲಾಗುವುದರೊಳಗೆ ವಾಪಸು ಬರಬೇಕಾದ ಏಳನೇ ಕ್ಲಾಸಿನ ಹುಡುಗಿಗೆ ಆ ಗ್ರಂಥಾಲಯ ಇದ್ದೂ ಇಲ್ಲದ ಹಾಗೆ. ಅದಕ್ಕೇ ನಿಮ್ಮ ಓದುಮನೆ ಅರಿವು ಕೇಂದ್ರಕ್ಕೆ ಪೈಪೋಟಿ ಆಗದೆ ಅದರ ಕೈಗೂಸಾಗಿ ಬೆಳೆಯಲಿ. ಮೇಲ್ವಿಚಾರಕರನ್ನು ಕಂಡು, ಪಿಡಿಒ ಅವರ ಒಪ್ಪಿಗೆ ಪಡೆದು, ಐವತ್ತು ಪುಸ್ತಕದ ಒಂದು ಪೆಟ್ಟಿಗೆಯನ್ನು ಮೂರು ತಿಂಗಳ ಮಟ್ಟಿಗೆ ಎರವಲು ಕೇಳಿ. ಮೂರು ತಿಂಗಳಾದ ಮೇಲೆ ಆ ಪೆಟ್ಟಿಗೆ ವಾಪಸು, ಬೇರೆ ಐವತ್ತು. ಇದು ಹೊಸ ಬುದ್ಧಿಯೇನಲ್ಲ. ತಮಿಳುನಾಡಿನ ಮನ್ನಾರ್‌ಗುಡಿಯಲ್ಲಿ 1931ರಲ್ಲೇ ಎತ್ತಿನ ಗಾಡಿಯಲ್ಲಿ ಪುಸ್ತಕ ಹೇರಿಕೊಂಡು ಹಳ್ಳಿ ಹಳ್ಳಿಗೆ ಹೋಗುತ್ತಿದ್ದರು. ನಿಮಗೆ ಒಂದು ಟಿವಿಎಸ್ ಎಕ್ಸೆಲ್ ಸಾಕು.

ಯಾರು, ಯಾವ ಹೊತ್ತಿಗೆ

ವಿನ್ಯಾಸ ಅಂದರೆ ಗೋಡೆ ಕಿಟಕಿ ಎಂದುಕೊಂಡಿದ್ದರೆ ಸ್ವಲ್ಪ ತಡೆಯಿರಿ. ಮೊದಲು ಗೊತ್ತಾಗಬೇಕಾದ್ದು ಹೊತ್ತು.

ಇದಕ್ಕೆ ಸರ್ವೆ ಫಾರಂ ಹಂಚಬೇಡಿ. ಫಾರಂನಲ್ಲಿ ಎಲ್ಲರೂ ‘ಓದುತ್ತೇನೆ’ ಎಂದೇ ಬರೆಯುತ್ತಾರೆ. ಅದರ ಬದಲು ಒಂದು ವಾರ ಬೆಳಿಗ್ಗೆ ಸಂಜೆ ಹಾಲಿನ ಡೈರಿ ಮುಂದೆ ನಿಂತುಕೊಳ್ಳಿ. ಆರು ಗಂಟೆಗೆ ಕ್ಯಾನು ಹಿಡಿದು ಬರುವವರು ಯಾರು, ಫ್ಯಾಟು ನೋಡಿ ಚೀಟಿ ಕೊಡುವ ತನಕ ಕಟ್ಟೆ ಮೇಲೆ ಎಷ್ಟು ಹೊತ್ತು ಕೂರುತ್ತಾರೆ, ಡೈರಿಗೆ ಬರುವ ಒಂದೇ ಒಂದು ಪೇಪರನ್ನು ಎಷ್ಟು ಕೈ ಹರಿದು ಹಂಚಿಕೊಳ್ಳುತ್ತವೆ ಎಂಬುದನ್ನೆಲ್ಲ ನೋಡಿ. ಒಬ್ಬರು ಮಧ್ಯದ ಹಾಳೆ ಎತ್ತಿಕೊಂಡು ಮರದ ಕೆಳಗೆ ಹೋಗಿರುತ್ತಾರೆ, ಇನ್ನೊಬ್ಬರು ಕನ್ನಡಕ ಮರೆತು ಬಂದು ಪಕ್ಕದವರ ಕೈಲಿ ಓದಿಸುತ್ತಿರುತ್ತಾರೆ. ಹಾಲು ಹಾಕಿ ಹೋಗುವ ಹೆಂಗಸರು ಮಾತ್ರ ಒಂದು ಕ್ಷಣವೂ ನಿಲ್ಲುವುದಿಲ್ಲ. ಅವರು ಕೂರುವ ಹೊತ್ತು ಬೇರೆ.

ನಮ್ಮ ಕಡೆಯ ಹಳ್ಳಿಗಳಲ್ಲಿ ಹೆಚ್ಚುಕಡಿಮೆ ನಾಲ್ಕು ಗುಂಪು ಸಿಗುತ್ತವೆ. ಪೊಲೀಸ್ ಕಾನ್‌ಸ್ಟೆಬಲ್, ಎಫ್‌ಡಿಎ, ಎಸ್‌ಡಿಎ, ಪಿಡಿಒ ಪರೀಕ್ಷೆಗೆ ಕೂರುವ ಹುಡುಗ ಹುಡುಗಿಯರು: ಇವರಿಗೆ ಮೇಜು, ಕುರ್ಚಿ, ಪ್ಲಗ್ ಪಾಯಿಂಟು, ಸದ್ದಿಲ್ಲದ ಬೆಳಗು ಬೇಕು. ಮಕ್ಕಳು ಸ್ಕೂಲು ಬಿಟ್ಟು ನಾಲ್ಕೂವರೆಗೆ ಬರುತ್ತಾರೆ, ಅವರಿಗೆ ನೆಲವೇ ಸಾಕು, ಸದ್ದು ಮಾಡಲು ಬಿಡಬೇಕು ಅಷ್ಟೆ. ವಯಸ್ಸಾದವರಿಗೆ ಪೇಪರು, ಬೆಳಕು, ಒರಗಲು ಗೋಡೆ. ಹೆಂಗಸರು ಮಧ್ಯಾಹ್ನದ ಊಟದ ಪಾತ್ರೆ ತೊಳೆದಿಟ್ಟ ಮೇಲೆ, ದನಕ್ಕೆ ಹುಲ್ಲು ತರಲು ಹೊರಡುವ ಮುಂಚೆ, ಎರಡರಿಂದ ಮೂರೂವರೆ ತನಕ ಸ್ವಲ್ಪ ಬಿಡುವಾಗಿರುತ್ತಾರೆ. ಆ ಹೊತ್ತಿನಲ್ಲಿ ಬಾಗಿಲು ತೆರೆದಿರುವ ವಾಚನಾಲಯ ನಮ್ಮ ಜಿಲ್ಲೆಯಲ್ಲಿ ಎಷ್ಟಿವೆ?

ಈ ನಾಲ್ಕೂ ಗುಂಪಿನ ಹೊತ್ತು ಒಂದರ ಮೇಲೊಂದು ಬೀಳುವುದಿಲ್ಲ. ಸಣ್ಣ ಕೋಣೆ ಮಾಡುವವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿಲ್ಲ. ಅರವತ್ತು ಜನರಿಗೆ ಆಗುವ ಓದುಮನೆಯಲ್ಲಿ ಒಂದು ಸಲಕ್ಕೆ ಹದಿನೈದು ಜನರಿಗೆ ಜಾಗವಿದ್ದರೆ ಸಾಕು. ಅದನ್ನು ಬಿಟ್ಟು ದೊಡ್ಡ ಹಾಲು ಕಟ್ಟಿದಿರೋ, ಅದರಲ್ಲಿ ನಾಮಕರಣ, ಬೀಗರ ಊಟ ಶುರುವಾಗುತ್ತದೆ.

ಬೀಗದ ಕೈ

ಹೊತ್ತು ಗೊತ್ತಾದ ಮೇಲೆ ಬಾಗಿಲು ತೆಗೆಯುವವರ ಮಾತು. ಒಬ್ಬರ ಕೈಯಲ್ಲಿ ಒಂದೇ ಬೀಗದ ಕೈ ಇದ್ದರೆ ಆ ಒಬ್ಬರ ಮನೆಯ ಮದುವೆ, ಸಾವು, ಕಬ್ಬು ಕಟಾವು, ಮಂಡ್ಯ ಆಸ್ಪತ್ರೆ ಎಲ್ಲವೂ ಓದುಮನೆಯ ರಜೆ. ಒಂದು ಸಂಜೆ ಬಂದು ಬಾಗಿಲು ಮುಚ್ಚಿರುವುದನ್ನು ನೋಡಿದ ಮಗು ಮಾರನೇ ದಿನ ಬರುತ್ತದೆ. ಮೂರು ಸಂಜೆ ಹಾಗಾದರೆ ಮತ್ತೆ ಬರುವುದಿಲ್ಲ. ‘ಏನಣ್ಣೋ, ಇವತ್ತೂ ತೆಗ್ದಿಲ್ವಾ?’ ಎಂದು ಯಾರಾದರೂ ಕೇಳುತ್ತಿದ್ದಾರೆ ಎಂದರೆ ಇನ್ನೂ ಆಸೆ ಇದೆ. ಕೇಳುವವರೂ ಇಲ್ಲವಾದಾಗ ತಿಳಿದುಕೊಳ್ಳಿ.

ಮೂರು ಬೀಗದ ಕೈ ಮಾಡಿಸಿ. ಒಂದು ಬೆಳಗಿನ ಪಾಳಿಗೆ, ಪರೀಕ್ಷೆಗೆ ಓದುವವರಲ್ಲೇ ಒಬ್ಬರಿಗೆ. ಅವರಿಗೆ ಅದು ಅಗತ್ಯ, ಹಾಗಾಗಿ ತಪ್ಪಿಸುವುದಿಲ್ಲ. ಇನ್ನೊಂದು ಮಧ್ಯಾಹ್ನ ಮತ್ತು ಸಂಜೆಗೆ, ಸ್ತ್ರೀಶಕ್ತಿ ಸಂಘದ ಒಬ್ಬ ಸದಸ್ಯೆಗೆ. ಈ ಕೆಲಸವನ್ನು ಪುಕ್ಕಟೆ ಮಾಡಿಸಬೇಡಿ. ತಿಂಗಳಿಗೆ ಇಷ್ಟು ಎಂದು ಗೌರವಧನ ಗೊತ್ತುಮಾಡಿ, ಮೊದಲ ತಿಂಗಳಿಂದಲೇ ಕೊಡಿ. ಹೆಂಗಸೊಬ್ಬರು ಕೂತಿರುವ ಕೋಣೆಗೆ ಹೆಣ್ಣುಮಕ್ಕಳು ಬರುತ್ತಾರೆ, ಇದು ನೂರಕ್ಕೆ ನೂರು. ಮೂರನೆಯ ಬೀಗದ ಕೈ ಎದುರಿನ ಅಂಗಡಿಯ ಮೊಳೆಗೆ ನೇತು ಹಾಕಿ, ಯಾರು ಬೇಕಾದರೂ ಹೆಸರು ಬರೆದು ತೆಗೆದುಕೊಂಡು ಹೋಗಲಿ. ಪುಸ್ತಕ ಕಳುವಾಗುತ್ತದೆ ಎನ್ನುವವರು ಇದ್ದೇ ಇರುತ್ತಾರೆ. ನಾಲ್ಕು ಪುಸ್ತಕ ಹೋದರೂ ಹೋಗಲಿ, ಬೀರುವಿನಲ್ಲಿ ಗೆದ್ದಲು ತಿನ್ನುವುದಕ್ಕಿಂತ ಯಾರದೋ ಮನೆಯಲ್ಲಿ ಇರುವುದು ಮೇಲು.

ಬೀಗದ ಕೈ ಹಿಡಿಯುವ ಮೂವರು ಸಿಗಲಿಲ್ಲವೇ? ಹಾಗಾದರೆ ಇನ್ನೂ ಆರು ತಿಂಗಳು ಕಾಯಿರಿ, ಯಾರದಾದರೂ ಜಗಲಿಯಲ್ಲಿ ವಾರಕ್ಕೊಂದು ಸಂಜೆ ಚಾಪೆ ಹಾಸಿ ನಡೆಸಿ. ಕೋಣೆ ಆಮೇಲೆ.

ಜಾಗ: ಹೊಸದಾಗಿ ಕಟ್ಟಬೇಡಿ

ಕಟ್ಟಡದಲ್ಲಿ ಅತ್ಯಂತ ಪರಿಸರಸ್ನೇಹಿಯಾದದ್ದು ಆಗಲೇ ನಿಂತಿರುವ ಕಟ್ಟಡ. ಹಳ್ಳಿಯಲ್ಲಿ ಹುಡುಕಿದರೆ ಸಿಗುತ್ತದೆ: ಹಳೇ ಚಾವಡಿ, ಮಕ್ಕಳಿಲ್ಲದೆ ಮುಚ್ಚಿದ ಸ್ಕೂಲಿನ ಕೊಠಡಿ, ಡೈರಿಯ ಮೇಲಂತಸ್ತು, ಹೊಸದು ಕಟ್ಟಿದ ಮೇಲೆ ಖಾಲಿ ಬಿದ್ದ ಅಂಗನವಾಡಿ, ಸೊಸೈಟಿ ಗೋಡೌನು, ಮಕ್ಕಳೆಲ್ಲ ಬೆಂಗಳೂರು ಸೇರಿ ಅಜ್ಜಿ ಒಬ್ಬರೇ ಇರುವ ತೊಟ್ಟಿ ಮನೆಯ ಹಜಾರ.

ಆಯ್ಕೆ ಮಾಡುವಾಗ ಗೋಡೆಗಿಂತ ದಾರಿ ನೋಡಿ. ಇದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ರಾಮಮಂದಿರದ ಪಕ್ಕದ ಕೋಣೆ ಪುಕ್ಕಟೆ ಸಿಗಬಹುದು, ಗಾಳಿ ಬೆಳಕೂ ಚೆನ್ನಾಗಿರಬಹುದು. ಆದರೆ ಆ ಬೀದಿಗೆ ಕಾಲಿಡಲು ಯಾವ ಕೇರಿಯ ಮಕ್ಕಳು ಹಿಂದೆಮುಂದೆ ನೋಡುತ್ತಾರೆ ಎಂಬುದು ಊರಿನ ಪ್ರತಿಯೊಬ್ಬರಿಗೂ ಗೊತ್ತಿರುತ್ತದೆ, ಮೀಟಿಂಗಿನಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಅರಳಿಕಟ್ಟೆ ಹತ್ತಿರವೂ ಬೇಡ. ಅಲ್ಲಿ ಇಸ್ಪೀಟು ಆಡುತ್ತ ಕೂತ ಗಂಡಸರ ಎದುರು ಹಾದು ಹೋಗಲು ಹೆಣ್ಣುಮಕ್ಕಳು ಒಪ್ಪುವುದಿಲ್ಲ, ಅವರ ಅಪ್ಪಂದಿರು ಮೊದಲೇ ಒಪ್ಪುವುದಿಲ್ಲ. ಎಲ್ಲ ಕೇರಿಯವರೂ ದಿನಾ ಹೋಗಿಬರುವ ಕಡೆ, ಅಂದರೆ ಡೈರಿ, ಸ್ಕೂಲು, ಬಸ್‌ಸ್ಟಾಪ್ ಹತ್ತಿರ ಸ್ವಲ್ಪ ಇಕ್ಕಟ್ಟಾದರೂ ಅಲ್ಲೇ ಮಾಡಿ. ಬಳಸಲು ಬರುವ ಶೌಚಾಲಯ ಪಕ್ಕದಲ್ಲಿರಬೇಕು. ಇಲ್ಲದಿದ್ದರೆ ದಿನವಿಡೀ ಓದುವ ಹುಡುಗಿಯರು ನೀರು ಕುಡಿಯದೆ ಕೂರುತ್ತಾರೆ.

ಜಾಗ ಗೊತ್ತಾದ ಮೇಲೆ ಬಾಯಿಮಾತಿಗೆ ನಿಲ್ಲಬೇಡಿ. ಪಂಚಾಯಿತಿಯದಾದರೆ ಗ್ರಾಮಸಭೆಯಲ್ಲಿ ಇಟ್ಟು, ಸಾಮಾನ್ಯ ಸಭೆಯ ನಿರ್ಣಯ ಬರೆಸಿ, ಪ್ರತಿ ಇಟ್ಟುಕೊಳ್ಳಿ. ಖಾಸಗಿಯವರದಾದರೆ ಐದು ವರ್ಷಕ್ಕೆ ಕಡಿಮೆಯಿಲ್ಲದ ಕರಾರುಪತ್ರ. ಅಧ್ಯಕ್ಷರು ಬದಲಾದ ಕೂಡಲೇ ಕೋಣೆಗೆ ಸಿಮೆಂಟ್ ಮೂಟೆ ಬಂದು ಬೀಳುವುದನ್ನು ತಪ್ಪಿಸಲು ಆ ಒಂದು ಹಾಳೆ ಸಾಕು.

ಮೈಸೂರಿನ ಬಡಾವಣೆಯಲ್ಲಾದರೆ ಪಾರ್ಕಿನ ಮೂಲೆಯ ವಾಚ್‌ಮನ್ ಕೋಣೆ, ಕ್ಷೇಮಾಭಿವೃದ್ಧಿ ಸಂಘದ ಕಚೇರಿ, ಯಾರದಾದರೂ ಮನೆಯ ಕಾರ್ ಶೆಡ್ಡು. ಶೆಡ್ಡಿನಲ್ಲಿ ಮಾಡುವವರು ಒಂದನ್ನು ನೆನಪಿಟ್ಟುಕೊಳ್ಳಿ. ರಾಜೀವನಗರದಲ್ಲಿ ಕೂಲಿ ಕಾರ್ಮಿಕರೊಬ್ಬರು ತಮ್ಮ ದುಡಿಮೆಯ ದುಡ್ಡಿನಲ್ಲಿ ನಡೆಸುತ್ತಿದ್ದ ಗ್ರಂಥಾಲಯ 2021ರ ಏಪ್ರಿಲ್‌ನಲ್ಲಿ ಬೆಂಕಿಗೆ ಸಿಕ್ಕಿ ಸಾವಿರಾರು ಪುಸ್ತಕ ಬೂದಿಯಾದವು. ಗರಿ, ಟಾರ್ಪಾಲು, ಪ್ಲಾಸ್ಟಿಕ್ ಶೀಟಿನ ಮಾಡಿನ ಕೆಳಗೆ ಪುಸ್ತಕ ಇಡಬೇಡಿ. ಪುಸ್ತಕದ ಪಟ್ಟಿಯ ಒಂದು ಪ್ರತಿ ಬೇರೆ ಮನೆಯಲ್ಲಿರಲಿ, ಬಾಗಿಲ ಪಕ್ಕ ಎರಡು ಬಕೆಟ್ ಮರಳು ಇರಲಿ.

ಹತ್ತು ಹದಿನಾರರ ಕೋಣೆ

ಉದಾಹರಣೆಗೆ ಹತ್ತಡಿ ಅಗಲ, ಹದಿನಾರಡಿ ಉದ್ದದ ಕೋಣೆ ಸಿಕ್ಕಿತು ಎಂದುಕೊಳ್ಳೋಣ, ಮುಂದೆ ನಾಲ್ಕಡಿಯ ಜಗಲಿ. 160 ಚದರಡಿ. ಮೇಜಿಗೆ ಕೂರುವ ಒಬ್ಬರಿಗೆ ಓಡಾಡುವ ಜಾಗವೂ ಸೇರಿ ಸುಮಾರು 20ರಿಂದ 25 ಚದರಡಿ ಬೇಕು, ನೆಲದ ಮೇಲೆ ಕೂರುವವರಿಗೆ ಹತ್ತು ಸಾಕು. ಹಾಗಾಗಿ ನಾಲ್ಕು ಜನರ ಒಂದು ಮೇಜು, ಏಳೆಂಟು ಮಕ್ಕಳಿಗೆ ಚಾಪೆ, ಜಗಲಿಯ ಮೇಲೆ ಪೇಪರ್ ಓದುವ ನಾಲ್ವರು. ಎಲ್ಲರಿಗೂ ಕುರ್ಚಿ ಹಾಕಿದರೆ ಕೋಣೆ ತಾಲ್ಲೂಕು ಆಫೀಸಾಗುತ್ತದೆ.

ಬೆಳಕಿನ ಮಾತು ಮುಖ್ಯ, ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮಂಡ್ಯ ಇರುವುದು ಸುಮಾರು 12.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ನಾಲ್ಕನೇ ವಾರದ ಹೊತ್ತಿಗೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ, ಅಲ್ಲಿಂದ ಆಗಸ್ಟ್ ತನಕ ಉತ್ತರಕ್ಕೆ ವಾಲಿರುತ್ತಾನೆ. ಜೂನ್ ಕೊನೆಯಲ್ಲೂ ಆ ವಾಲುವಿಕೆ 11 ಡಿಗ್ರಿಯಷ್ಟೇ, ಒಂದಡಿಯ ಸಜ್ಜಾ ಐದಡಿ ಎತ್ತರದ ಉತ್ತರದ ಕಿಟಕಿಗೆ ನೆರಳು ಕೊಡುತ್ತದೆ. ಡಿಸೆಂಬರಿನಲ್ಲಿ ದಕ್ಷಿಣಕ್ಕೆ ವಾಲಿ 54 ಡಿಗ್ರಿಗೆ ಇಳಿಯುತ್ತಾನೆ, ಆಗ ದಕ್ಷಿಣದ ಕಿಟಕಿಗೆ ಎರಡಡಿ ಸಜ್ಜಾ ಇದ್ದರೂ ನೆರಳು ಬೀಳುವುದು ಮೂರಡಿಗಿಂತ ಸ್ವಲ್ಪ ಕಡಿಮೆ. ಚಳಿಗಾಲದ ಬಿಸಿಲು, ಬಂದರೆ ಬರಲಿ, ಆದರೆ ಅಲ್ಲಿ ಪುಸ್ತಕ ಇಡಬೇಡಿ, ರಟ್ಟಿನ ಬಣ್ಣ ಹೋಗುತ್ತದೆ. ಪಶ್ಚಿಮದ್ದು ಬೇರೆ ಕಥೆ. ನಾಲ್ಕು ಗಂಟೆಯ ಬಿಸಿಲು ಅಡ್ಡಡ್ಡ ಬರುತ್ತದೆ, ಸಜ್ಜಾ ಏನೂ ಮಾಡಲಾರದು, ಅದೂ ಮಕ್ಕಳು ಬರುವ ಹೊತ್ತಿಗೇ. ಪಶ್ಚಿಮಕ್ಕೆ ಕಿಟಕಿ ಇದ್ದರೆ ಹೊರಗೆ ಬಿದಿರ ತಟ್ಟಿ ಇಳಿಬಿಡಿ ಅಥವಾ ಆ ಗೋಡೆಗೇ ಪುಸ್ತಕದ ಕಪಾಟು ಒರಗಿಸಿ ಮುಚ್ಚಿಬಿಡಿ. ಓದಲು ಹೇಳಿಮಾಡಿಸಿದ ಬೆಳಕು ಉತ್ತರದ್ದು, ಮೇಜು ಆ ಕಿಟಕಿಗೆ ಪಕ್ಕವಾಗಿರಲಿ. ಬರೆಯುವ ಕೈಯ ನೆರಳು ಹಾಳೆ ಮೇಲೆ ಬೀಳದ ಹಾಗೆ ಬೆಳಕು ಎಡದಿಂದ ಬರಬೇಕು, ಎಡಗೈಯವರಿಗೆ ಎದುರು ಬದಿಯ ಕುರ್ಚಿ. ನಾಲ್ಕಡಿಗೆ ಮೂರಡಿಯ ಎರಡು ಕಿಟಕಿ ಇದ್ದರೆ ಈ ಕೋಣೆಗೆ ಪರವಾಗಿಲ್ಲ, ಮೂರಿದ್ದರೆ ಒಳ್ಳೆಯದು.

ಮೂರನೆಯದು ಯಾಕೆ ಎಂದರೆ ಸೊಳ್ಳೆ. ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಊರುಗಳಲ್ಲಿ ಗದ್ದೆ ಬೈಲಿನಿಂದ ಸಂಜೆ ಆರರ ಹೊತ್ತಿಗೆ ಸೊಳ್ಳೆ ದಂಡೇ ಬರುತ್ತದೆ. ಓದುಮನೆಯಿಂದ ಮಕ್ಕಳನ್ನು ಓಡಿಸುವುದು ಟಿವಿ ಎಂದು ಹೇಳುವವರು ಒಂದು ಸಂಜೆ ಬರಿಗಾಲಲ್ಲಿ ಅಲ್ಲಿ ಕೂತು ನೋಡಲಿ. ಕಿಟಕಿಗೆಲ್ಲ ಮೆಶ್ ಹಾಕಿಸಲೇಬೇಕು, ಮೆಶ್ ಹಾಕಿದರೆ ಗಾಳಿಯೂ ಬೆಳಕೂ ಕಮ್ಮಿಯಾಗುತ್ತವೆ, ಆದ್ದರಿಂದ ಕಿಟಕಿ ಒಂದು ಹೆಚ್ಚಿರಲಿ. ಆಲೆಮನೆ ಹತ್ತಿರವಿದ್ದರೆ ಮೆಶ್ ಮೇಲೆ ಮಸಿ ಕೂರುತ್ತದೆ, ಬಿಚ್ಚಿ ತೊಳೆಯಲು ಬರುವ ಹಾಗೆ ಚೌಕಟ್ಟಿನಲ್ಲಿ ಕೂರಿಸಲು ಬಡಗಿಗೆ ಹೇಳಿ.

ಮಾಡು ಹೆಂಚಿನದಾದರೆ ಪುಣ್ಯ. ಒಡೆದ ಹೆಂಚು ಬದಲಿಸಿ, ಮಧ್ಯೆ ಎರಡು ಗಾಜಿನ ಹೆಂಚು ಹಾಕಿ, ಹಗಲು ದೀಪ ಬೇಕಾಗುವುದಿಲ್ಲ. ಆರ್‌ಸಿಸಿ ಆದರೆ ಬೇಸಿಗೆಗೆ ಮುಂಚೆ, ಫೆಬ್ರವರಿಯಲ್ಲಿ, ತಾರಸಿ ಮೇಲೆ ಸುಣ್ಣ ಬಳಿಯಿರಿ. ಬಿಳಿ ಮೈ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ, ಕೆಳಗೆ ಕೂತವರಿಗೆ ತಿಳಿಯುವಷ್ಟು ತಂಪಾಗುತ್ತದೆ. ತಗಡಿನ ಮಾಡು ಬೇಡ. ಸೆಪ್ಟೆಂಬರ್, ಅಕ್ಟೋಬರಿನ ಜೋರು ಮಳೆಯಲ್ಲಿ ತಗಡಿನ ಕೆಳಗೆ ಪಕ್ಕದವರ ಮಾತೂ ಕೇಳುವುದಿಲ್ಲ, ಓದುವುದಂತೂ ದೂರ ಉಳಿಯಿತು.

ಗೋಡೆ ಕಟ್ಟಲೇಬೇಕಾಗಿ ಬಂದರೆ ಮಣ್ಣನ್ನು ಒತ್ತಿ ಮಾಡುವ ಇಟ್ಟಿಗೆ ಇದೆ. ಮಣ್ಣಿಗೆ ನೂರಕ್ಕೆ ಐದರಿಂದ ಎಂಟು ಪಾಲು ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತುತ್ತಾರೆ, ಸುಡುವ ಕೆಲಸವೇ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರದವರು ಇದರ ಮೇಲೆ ದಶಕಗಟ್ಟಲೆ ಕೆಲಸ ಮಾಡಿದ್ದಾರೆ. ಅಪ್ಪಟ ಕಪ್ಪು ಎರೆ ಮಣ್ಣು ಆಗುವುದಿಲ್ಲ, ಮರಳು ಬೆರೆತ ಕೆಂಪು ಮಣ್ಣು ಬೇಕು.

ಬಾಗಿಲಿಗೆ ಮೆಟ್ಟಿಲಷ್ಟೇ ಮಾಡಿ ಕೈಬಿಡಬೇಡಿ. ಜಗಲಿ ಒಂದೂವರೆ ಅಡಿ ಎತ್ತರವಿದ್ದರೆ ಗಾಲಿಕುರ್ಚಿ ಹತ್ತುವ ಇಳಿಜಾರಿಗೆ ಹದಿನೆಂಟಡಿ ಉದ್ದ ಬೇಕು, ಒಂದಕ್ಕೆ ಹನ್ನೆರಡರ ಲೆಕ್ಕ. ಅಷ್ಟು ಜಾಗವಿಲ್ಲದಿದ್ದರೆ ಗೋಡೆಯ ಉದ್ದಕ್ಕೂ ತಿರುಗಿಸಿ ತನ್ನಿ. ಇದೇ ಇಳಿಜಾರಿನಲ್ಲಿ ಕೋಲು ಊರಿಕೊಂಡು ಬರುವ ತಾತಂದಿರೂ ಹತ್ತುತ್ತಾರೆ.

ಕರೆಂಟಿನ ಲೆಕ್ಕ ಸುಲಭ. ಸಂಜೆ ಹೊತ್ತು ಓದಲು ಈ ಕೋಣೆಗೆ 20 ವಾಟಿನ ಮೂರು ಎಲ್‌ಇಡಿ ಟ್ಯೂಬ್‌ಲೈಟ್ ಬೇಕು, ಅವುಗಳಲ್ಲಿ ಒಂದು ಮೇಜಿನ ಮೇಲಕ್ಕೇ ಬರಲಿ. ಫ್ಯಾನು ಎರಡು. ಹಳೇ ಮಾದರಿಯ ಫ್ಯಾನು ಸುಮಾರು 75 ವಾಟ್ ತಿನ್ನುತ್ತದೆ, ಬಿಎಲ್‌ಡಿಸಿ ಫ್ಯಾನಿಗೆ 30 ವಾಟ್ ಸಾಕು. ಎಲ್ಲವೂ ದಿನಕ್ಕೆ ಐದು ಗಂಟೆ ಓಡಿದರೆ ಬಿಎಲ್‌ಡಿಸಿಯಲ್ಲಿ ತಿಂಗಳಿಗೆ 18 ಯೂನಿಟ್, ಹಳೇ ಫ್ಯಾನಾದರೆ 31 ಯೂನಿಟ್ ಹತ್ತಿರ. ಇಷ್ಟಕ್ಕೆ ಸೋಲಾರ್ ಹಾಕಿಸುತ್ತೇವೆಂದು ಲಕ್ಷದ ಮಾತಾಡಬೇಡಿ. ಬ್ಯಾಟರಿ ಕೆಟ್ಟರೆ ಬದಲಿಸಲು ಕಾಸಿರುವುದಿಲ್ಲ, ಪ್ಯಾನಲ್ ಮೇಲೆ ಬಟ್ಟೆ ಒಣಗುತ್ತದೆ. ಕರೆಂಟು ಹೋದಾಗ ಉರಿಯುವ ಎರಡು ಇನ್ವರ್ಟರ್ ಬಲ್ಬು ಸಾಕು.

ಮೇಜು, ಕಪಾಟು

ಹೆಂಚಿನ ಮನೆ ಕೆಡವಿ ತಾರಸಿ ಮನೆ ಕಟ್ಟುವುದು ಊರೂರಲ್ಲೂ ನಡೆಯುತ್ತಿದೆ. ಕೆಡವಿದ ಮನೆಯ ಬಾಗಿಲು, ತೊಲೆ, ಜಂತೆ ಸೌದೆ ರೇಟಿಗೆ ಹೋಗುತ್ತವೆ. ಆರಡಿಗೆ ಮೂರಡಿಯ ಹಳೇ ಹಲಸಿನ ಬಾಗಿಲು ಒಂದು ಸಿಕ್ಕಿದರೆ ನಾಲ್ಕು ಜನರ ಮೇಜು ಆಯಿತು ಎಂದೇ ಲೆಕ್ಕ. ಚಿಲಕ, ಅಗುಳಿ, ಮೊಳೆ ಕಿತ್ತು, ಉಜ್ಜುಗಾಗದದಲ್ಲಿ ತೀಡಿ, ಹಳೇ ಬಣ್ಣ ಹೋದ ಮೇಲೆ ಅಗಸೆ ಎಣ್ಣೆ ಎರಡು ಸಲ ಕುಡಿಸಿ. ಹಲಗೆ ನಡುವೆ ಸಂದಿಯಿದ್ದರೆ ಪೆನ್ನು ಸಿಕ್ಕಿಹಾಕಿಕೊಳ್ಳುತ್ತದೆ, ಬಡಗಿ ಅಲ್ಲಿ ರೀಪರ್ ತುಂಡು ಕೂರಿಸಿ ಅಂಟು ಹಾಕಿಕೊಡುತ್ತಾರೆ. ಜಂತೆ ತುಂಡಿನಲ್ಲೇ ಕಾಲು. ಮೇಲ್ಮೈ ನೆಲದಿಂದ 29 ಇಂಚು, ಕುರ್ಚಿಯ ಕೂರುವ ಹಲಗೆ 17ರಿಂದ 18 ಇಂಚು. ಇದು ತಪ್ಪಿದರೆ ಮೇಜು ಎಷ್ಟು ಚೆಂದವಿದ್ದರೂ ಅರ್ಧ ಗಂಟೆಗೆ ಬೆನ್ನು ಹಿಡಿಯುತ್ತದೆ. ಮಕ್ಕಳಿಗೆ ಹಿಂದಿನ ಕಾಲದ ಗುಮಾಸ್ತರ ಇಳಿಜಾರು ಡೆಸ್ಕಿನಂಥದು, ಒಂದಡಿ ಎತ್ತರದ್ದು, ನಾಲ್ಕಿದ್ದರೆ ಚಾಪೆ ಮೇಲೆ ಕೂತು ಬಗ್ಗದೆ ಓದುತ್ತಾರೆ.

ಕಪಾಟಿಗೆ ಪಾರ್ಟಿಕಲ್ ಬೋರ್ಡ್ ಬೇಡವೇ ಬೇಡ. ಒಂದು ಮಳೆಗಾಲದ ಥಂಡಿಗೆ ಉಬ್ಬುತ್ತದೆ, ಎರಡನೆಯದಕ್ಕೆ ಬಾಗುತ್ತದೆ. ಒಂದಡಿ ಉದ್ದ ಜೋಡಿಸಿದ ಪುಸ್ತಕ ಸುಮಾರು ಹತ್ತು ಕೆ.ಜಿ. ತೂಗುತ್ತದೆ, ಮೂರಡಿ ಹಲಗೆಯ ಮೇಲೆ ಮೂವತ್ತು ಕೆ.ಜಿ. ಹಗಲೂ ರಾತ್ರಿ ಕೂತಿರುತ್ತದೆ. ನಮ್ಮ ಅಡುಗೆಮನೆಗಳಲ್ಲಿ ಪಾತ್ರೆ ಹೊರುವ ಕಡಪ ಕಲ್ಲು ಇದಕ್ಕೆ ಎಲ್ಲಕ್ಕಿಂತ ಒಳ್ಳೆಯದು. ಗೆದ್ದಲು ಹತ್ತುವುದಿಲ್ಲ, ನೀರು ಬಿದ್ದರೆ ಒರೆಸಿದರಾಯಿತು. ಒಂದೇ ಎಚ್ಚರ: ಮೂರಡಿಗೊಂದು ಆಸರೆ ಕೊಡಿ. ಕಲ್ಲು ಮರದ ಹಾಗೆ ಬಾಗಿ ಮುನ್ಸೂಚನೆ ಕೊಡುವುದಿಲ್ಲ, ಒಮ್ಮೆಗೇ ಮುರಿಯುತ್ತದೆ. ಆಳ ಹತ್ತು ಇಂಚು, ಎತ್ತರ ಹತ್ತು ಇಂಚು ಸಾಕು, ಕನ್ನಡದ ಬಹುಪಾಲು ಪುಸ್ತಕ ಡೆಮಿ ಅಳತೆಯವು, ಎಂಟೂವರೆ ಇಂಚು ಎತ್ತರ. ಕೆಳಗಿನ ಕಲ್ಲು ನೆಲದಿಂದ ಆರಿಂಚು ಮೇಲಿರಲಿ. ಹೊರಗೋಡೆಗೆ ಒತ್ತಿ ಪುಸ್ತಕ ಜೋಡಿಸಬೇಡಿ, ಹಿಂದೆ ಎರಡು ಇಂಚು ಗಾಳಿಯಾಡಲಿ. ಮಕ್ಕಳ ಪುಸ್ತಕವೆಲ್ಲ ನಾಲ್ಕಡಿಗಿಂತ ಕೆಳಗೆ, ಒಂದಷ್ಟನ್ನು ಮುಖಪುಟ ಕಾಣುವ ಹಾಗೆ ತಂತಿಗೆ ನೇತು ಹಾಕಿ. ಮಗು ಪುಸ್ತಕ ಆರಿಸುವುದು ಚಿತ್ರ ನೋಡಿ, ಬೆನ್ನಿನ ಅಕ್ಷರ ನೋಡಿ ಅಲ್ಲ.

ಗಾಜು, ಬೀಗ ಯಾವುದೂ ಇರಬಾರದು.

ಪುಸ್ತಕ

ಪಾಂಡವಪುರದ ಹತ್ತಿರದ ಹರಳಹಳ್ಳಿಯಲ್ಲಿ ಅಂಕೇಗೌಡರ ‘ಪುಸ್ತಕದ ಮನೆ’ ಇದೆ. ಬಸ್ ಕಂಡಕ್ಟರಾಗಿದ್ದವರು, ಆಮೇಲೆ ಸಕ್ಕರೆ ಕಾರ್ಖಾನೆಯಲ್ಲಿ ದುಡಿದವರು, ಸಂಬಳವನ್ನೆಲ್ಲ ಸುರಿದು ಲಕ್ಷಗಟ್ಟಲೆ ಪುಸ್ತಕ ಕೂಡಿಸಿದ್ದಾರೆ. ಒಮ್ಮೆ ಮಕ್ಕಳನ್ನು ಕರೆದುಕೊಂಡು ಹೋಗಿಬನ್ನಿ. ಆದರೆ ಅದನ್ನು ನೋಡಿ ಬಂದು ನಿಮ್ಮ ಹತ್ತು ಹದಿನಾರರ ಕೋಣೆಯನ್ನೂ ಹಾಗೇ ತುಂಬಲು ಹೊರಡಬೇಡಿ. ಅದು ಒಂದು ಜೀವಮಾನದ ಸಂಗ್ರಹ, ಸಂಶೋಧಕರೂ ಹುಡುಕಿಕೊಂಡು ಬರುವ ಜಾಗ. ನಿಮ್ಮದು ಕೂರುವ ಜಾಗ. 600 ಪುಸ್ತಕ ಸಾಕು, ಜೊತೆಗೆ ಪಂಚಾಯಿತಿಯ ಐವತ್ತರ ಪೆಟ್ಟಿಗೆ ತಿರುಗುತ್ತಿರಲಿ.

‘ಪುಸ್ತಕ ದಾನ ಮಾಡಿ’ ಎಂದು ಕರೆ ಕೊಟ್ಟರೆ ಬರುವುದು ಹಳೇ ಡಿಗ್ರಿ ನೋಟ್ಸು, ಕಂಪನಿ ಡೈರಿ, ಮೂರು ಕಾಪಿ ಅದೇ ಪಂಚಾಂಗ. ಬೇಡ ಎನ್ನಲು ಸಂಕೋಚವಾಗುತ್ತದೆ. ಆದ್ದರಿಂದ ಮೊದಲೇ ಬೇಕಾದ ಪುಸ್ತಕಗಳ ಪಟ್ಟಿ ಮಾಡಿ ಡೈರಿ ಗೋಡೆಗೆ ಅಂಟಿಸಿ, ಪಟ್ಟಿಯಲ್ಲಿ ಇರುವುದನ್ನೇ ಕೊಡಿಸಿ ಎನ್ನಿ. ಮಗುವಿನ ಹುಟ್ಟುಹಬ್ಬ, ಹಿರಿಯರ ತಿಥಿ, ಹೊಸ ಟ್ರ್ಯಾಕ್ಟರು, ಏನಾದರೂ ನೆಪಕ್ಕೆ ಒಂದು ಪುಸ್ತಕ. ಒಳಪುಟದಲ್ಲಿ ಕೊಟ್ಟವರ ಹೆಸರು ಬರೆಯಿರಿ. ಗ್ರಾನೈಟಿಗಿಂತ ಅಗ್ಗ, ಹೆಚ್ಚು ಜನ ಓದುತ್ತಾರೆ.

ಅಗ್ಗಕ್ಕೆ ಒಳ್ಳೆಯ ಪುಸ್ತಕ ಬೇಕೆಂದರೆ ಕನ್ನಡ ಪುಸ್ತಕ ಪ್ರಾಧಿಕಾರ, ಕುವೆಂಪು ಭಾಷಾ ಭಾರತಿ, ಮಾನಸಗಂಗೋತ್ರಿಯಲ್ಲಿರುವ ಮೈಸೂರು ವಿಶ್ವವಿದ್ಯಾನಿಲಯದ ಪ್ರಸಾರಾಂಗ ಇವೆ. ಮಕ್ಕಳಿಗೆ ನ್ಯಾಷನಲ್ ಬುಕ್ ಟ್ರಸ್ಟ್, ಪ್ರಥಮ್ ಬುಕ್ಸ್. ಪ್ರಥಮ್‌ನವರ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಕಥೆಗಳು ಪುಕ್ಕಟೆ ಸಿಗುತ್ತವೆ, ಮುದ್ರಿಸಿ ಪಿನ್ ಹೊಡೆದು ಇಡಬಹುದು. ಪರೀಕ್ಷೆಯವರಿಗೆ ದುಬಾರಿ ಗೈಡ್ ಕೊಳ್ಳುವ ಮುಂಚೆ ಆರರಿಂದ ಹತ್ತನೇ ತರಗತಿಯ ಸಮಾಜ, ವಿಜ್ಞಾನ ಪಠ್ಯಪುಸ್ತಕದ ಎರಡೆರಡು ಸೆಟ್ ಇಡಿ, ಗಟ್ಟಿ ತಳಹದಿ ಅಲ್ಲೇ ಇದೆ. ಪೇಪರು ಎರಡು: ಒಂದು ರಾಜ್ಯದ್ದು, ಒಂದು ‘ಆಂದೋಲನ’ದಂಥ ಸ್ಥಳೀಯವಾದದ್ದು. ಹಾಳೆಗಳನ್ನು ಬೇರೆ ಬೇರೆ ಕ್ಲಿಪ್ಪಿಗೆ ಸಿಕ್ಕಿಸಿದರೆ ಎರಡು ಪೇಪರನ್ನು ಆರು ಜನ ಓದಬಹುದು.

ವಿಂಗಡಣೆಗೆ ಬೆನ್ನಿನ ಮೇಲೆ ಬಣ್ಣದ ಪಟ್ಟಿ ಸಾಕು: ಕಥೆಗೆ ಕೆಂಪು, ಕೃಷಿ ಮತ್ತು ಪಶುಪಾಲನೆಗೆ ಹಸಿರು, ಮಕ್ಕಳಿಗೆ ಹಳದಿ, ಪರೀಕ್ಷೆಗೆ ನೀಲಿ. ಎರಡು ರಿಜಿಸ್ಟರ್ ಇಡಿ, ಒಂದರಲ್ಲಿ ಪುಸ್ತಕದ ನಂಬರು ಮತ್ತು ಬಂದ ದಿನ, ಇನ್ನೊಂದರಲ್ಲಿ ಯಾರು ಒಯ್ದರು, ಯಾವಾಗ ತಂದರು. ದಂಡ ಹಾಕಬೇಡಿ. ದಂಡಕ್ಕೆ ಹೆದರಿದವರು ಪುಸ್ತಕವನ್ನೂ ತರುವುದಿಲ್ಲ, ತಾವೂ ಬರುವುದಿಲ್ಲ.

ದುಡ್ಡು

ತಿಂಗಳ ಖರ್ಚು ನಾಲ್ಕೇ: ಗೌರವಧನ, ಪೇಪರು, ಕರೆಂಟು, ಚಿಲ್ಲರೆ ರಿಪೇರಿ. ಒಂದು ಸಲ ದೊಡ್ಡ ಮೊತ್ತ ಕೊಡುವ ಒಬ್ಬರಿಗಿಂತ ತಿಂಗಳಿಗೆ ಐವತ್ತು ರೂಪಾಯಿ ಕೊಡುವ ನೂರು ಮನೆ ಮೇಲು. ಒಬ್ಬರು ಕೊಟ್ಟಲ್ಲಿ ಅವರ ಹೆಸರೇ ಕೋಣೆಯ ಹೆಸರಾಗುತ್ತದೆ, ಅವರಿಗೆ ಆಗದವರು ಒಳಗೆ ಬರುವುದಿಲ್ಲ. ನೂರು ಮನೆಯ ವಂತಿಗೆ ಎತ್ತುವುದು ಕಷ್ಟ ಎನ್ನಬೇಡಿ, ಹಬ್ಬಕ್ಕೆ ಎತ್ತುವುದಿಲ್ಲವೇ? ಆ ಪಟ್ಟಿಯ ಕೊನೆಗೆ ಓದುಮನೆಯ ಒಂದು ಸಾಲು ಸೇರಿಸಿದರೆ ವರ್ಷದ್ದು ಒಮ್ಮೆಗೇ ಬರುತ್ತದೆ. ಇಬ್ಬರ ಸಹಿಯ ಜಂಟಿ ಖಾತೆ, ತಿಂಗಳ ಲೆಕ್ಕ ಬಾಗಿಲ ಮೇಲೆ. ಸರ್ಕಾರದ ಅಥವಾ ಕಂಪನಿಗಳ ನೆರವು ಕೇಳುವುದಾದರೆ ಮಾತ್ರ ಸಂಘ ನೋಂದಣಿ ಮಾಡಿಸಿ, 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸದಸ್ಯರು ಬೇಕು. ಮೊದಲ ದಿನವೇ ಸಂಘ ಕಟ್ಟಲು ಹೋದರೆ ಅಧ್ಯಕ್ಷರ ಆಯ್ಕೆಯಲ್ಲೇ ಮುಗಿಯುತ್ತದೆ.

ವರ್ಷಕ್ಕೆರಡು ದಿನ

ಮೇ ತಿಂಗಳ ಬಿಸಿಲಿರುವಾಗ ಒಂದು ದಿನ, ಮಳೆಗಾಲ ಮುಗಿದ ಮೇಲೆ ದೀಪಾವಳಿ ಸುಮಾರಿಗೆ ಇನ್ನೊಂದು ದಿನ ಎಲ್ಲ ಪುಸ್ತಕ ಹೊರಗೆ ತೆಗೆಯಿರಿ. ಬಿಸಿಲಿಗೆ ನೇರ ಒಡ್ಡದೆ ಜಗಲಿಯ ನೆರಳಲ್ಲಿ ನಿಲ್ಲಿಸಿ, ಹಾಳೆ ಬಿಡಿಸಿ ಗಾಳಿಗಿಡಿ. ಕಲ್ಲು ಒರೆಸಿ ಒಣಗಿದ ಮೇಲೆ ಹಳೇ ಪೇಪರ್ ಹಾಸಿ, ಒಣಗಿಸಿದ ಬೇವಿನ ಸೊಪ್ಪು, ಬಟ್ಟೆಯ ಸಣ್ಣ ಗಂಟಲ್ಲಿ ಜಜ್ಜಿದ ಬಜೆ ಇಡಿ. ಬಜೆ ಗ್ರಂದಿಗೆ ಅಂಗಡಿಯಲ್ಲಿ ಸಿಗುತ್ತದೆ, ತಾಳೆಗರಿ ಕಟ್ಟುಗಳ ಕಾಲದಿಂದಲೂ ಹುಳಕ್ಕೆ ಇದೇ ಮದ್ದು. ನುಸಿಗುಳಿಗೆ ಹಾಕಬೇಡಿ, ಚಿಕ್ಕ ಮಕ್ಕಳು ಪೆಪ್ಪರ್‌ಮಿಂಟ್ ಎಂದುಕೊಂಡು ಬಾಯಿಗೆ ಹಾಕಿಕೊಂಡಾರು. ಗೋಡೆ ಬುಡದಲ್ಲಿ ಮಣ್ಣಿನ ಸಣ್ಣ ಗೆರೆ ಹತ್ತಿದ್ದು ಕಂಡರೆ ಅದು ಗೆದ್ದಲು, ಕೆರೆದು ತೆಗೆದು ಅದೇ ದಿನ ಔಷಧಿ ಹಾಕಿಸಿ.

ಅದೇ ದಿನ ಪುಸ್ತಕವನ್ನೂ ಆರಿಸಿ. ಮೂರು ವರ್ಷದಿಂದ ಯಾರೂ ಒಯ್ಯದ್ದು, ಹಳೇ ಸಿಲಬಸ್‌ನ ಗೈಡು, ಹತ್ತು ವರ್ಷದ ಹಿಂದಿನ ಸಾಮಾನ್ಯ ಜ್ಞಾನ ಎಲ್ಲ ಒಂದು ಕಡೆ ಹಾಕಿ. ಊರಿನ ಬಗ್ಗೆ, ಜಿಲ್ಲೆಯ ಬಗ್ಗೆ ಇರುವುದನ್ನು, ಮತ್ತೆ ಅಚ್ಚಾಗದ ಹಳೇ ಕಾದಂಬರಿಯನ್ನು ಅಲ್ಲಿಂದ ವಾಪಸು ಎತ್ತಿಡಿ. ಉಳಿದದ್ದಕ್ಕೆ ‘ರದ್ದು’ ಎಂದು ಸೀಲು ಹೊಡೆದು, ರಿಜಿಸ್ಟರಿನಲ್ಲಿ ನಂಬರು ಹೊಡೆದುಹಾಕಿ, ಒಂದು ವಾರ ಜಗಲಿಯಲ್ಲಿಡಿ, ಬೇಕಾದವರು ಒಯ್ಯಲಿ. ಮಿಕ್ಕದ್ದು ಗುಜರಿಗೆ. ಬಂದ ದುಡ್ಡನ್ನು ಲೆಕ್ಕದಲ್ಲಿ ಬರೆದು ಆ ತಿಂಗಳ ಪೇಪರ್ ಬಿಲ್ಲಿಗೆ ಸೇರಿಸಿ.